ಚಿಕ್ಕ ಒಲೆ, ದೊಡ್ಡ ಒಲೆ

ಸ್ಟಾಕ್‌ಹೋಮ್ ನಗರದಲ್ಲಿ 1935ರಲ್ಲಿ ಒಂದು ವಸತಿ ಕಟ್ಟಡ ಎದ್ದಿತು. ವಿಳಾಸ: ಯೋನ್ ಎರಿಕ್ಸನ್ ರಸ್ತೆ, ಆರನೇ ನಂಬರು. ಹೊರಗಿನಿಂದ ನೋಡಿದರೆ ಬಾಲ್ಕನಿ ಇರುವ ಸಾಧಾರಣ ಫ್ಲ್ಯಾಟುಗಳು. ಒಳಗೆ ಮಾತ್ರ, ಗೋಡೆಯ ಸಂದಿನಲ್ಲಿ ಪುಟ್ಟ ಲಿಫ್ಟುಗಳಿದ್ದವು. ಅವು ಮನುಷ್ಯರಿಗಲ್ಲ, ಪಾತ್ರೆಗಳಿಗೆ. ಕೆಳಗಿನ ದೊಡ್ಡ ಅಡುಗೆಮನೆಯಲ್ಲಿ ಬೆಂದದ್ದು ಲಿಫ್ಟ್ ಏರಿ ನೇರ ಮನೆಯೊಳಗೆ ಬರುತ್ತಿತ್ತು. ಉಂಡ ತಟ್ಟೆ ಅದೇ ದಾರಿಯಲ್ಲಿ ಇಳಿದು ಹೋಗುತ್ತಿತ್ತು.

ಕಟ್ಟಡದ ಹಿಂದಿದ್ದ ವಿಚಾರ ಆಲ್ವಾ ಮಿರ್ಡಾಲ್ ಅವರದು. ಮುಂದೆ 1982ರಲ್ಲಿ ನಿಶ್ಶಸ್ತ್ರೀಕರಣದ ಕೆಲಸಕ್ಕಾಗಿ ಶಾಂತಿ ನೊಬೆಲ್ ಪಡೆದವರು. ನಕ್ಷೆ ಬರೆದ ವಾಸ್ತುಶಿಲ್ಪಿ ಸ್ವೆನ್ ಮಾರ್ಕೆಲಿಯಸ್ ತಾವೂ ಅಲ್ಲೇ ಬಂದು ನೆಲೆಸಿದರು. ಇಪ್ಪತ್ತು ಮನೆಯ ಇಪ್ಪತ್ತು ಹೆಂಗಸರು ಇಪ್ಪತ್ತು ಒಲೆಯ ಮುಂದೆ ಒಂದೇ ಹೊತ್ತಿಗೆ ಮಾಂಸದುಂಡೆ ಬೇಯಿಸುವುದು ಯಾವ ಸೀಮೆಯ ಜಾಣತನ ಎಂಬುದು ಮಿರ್ಡಾಲ್ ಅವರ ತಕರಾರು. ನೆಲ ಅಂತಸ್ತಿನಲ್ಲಿ ಶಿಶುವಿಹಾರ, ಪಕ್ಕದಲ್ಲಿ ರೆಸ್ಟುರಾಂಟು, ಮೇಲೆ ದುಡಿದು ಬಂದ ಗಂಡ-ಹೆಂಡತಿ. ಲೆಕ್ಕ ಸರಿಯಾಗೇ ಇತ್ತು.

ಆದರೆ ಆ ಲಿಫ್ಟನ್ನು ಇನ್ನೊಮ್ಮೆ ನೋಡಿ. ಅದು ಒಲೆಯನ್ನು ಹಂಚಿತು, ಎಲೆಯನ್ನು ಹಂಚಲಿಲ್ಲ. ಊಟ ಮನೆಮನೆಗೆ ಏರಿತು, ಜನ ಒಂದೆಡೆ ಇಳಿದು ಬರಲಿಲ್ಲ. ಇವತ್ತು ಬೆಂಗಳೂರಿನ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಹೆಲ್ಮೆಟ್ ತೆಗೆಯದೆ, ಊಟದ ಚೀಲ ಹಿಡಿದು ಓಟಿಪಿ ಕೇಳುವ ಹುಡುಗನ ಕೆಲಸವನ್ನೇ ಅದು ತೊಂಬತ್ತು ವರ್ಷದ ಹಿಂದೆ ಸದ್ದಿಲ್ಲದೆ ಮಾಡುತ್ತಿತ್ತು. ಒಟ್ಟಿಗೆ ಅಡುಗೆ ಮಾಡಿಸುವುದು ಬೇರೆ, ಒಟ್ಟಿಗೆ ಉಣ್ಣುವುದು ಬೇರೆ. ಚಿಕ್ಕ ಮನೆ, ದೊಡ್ಡ ಊಟದ ಕೋಣೆ ಎಂಬ ಆಸೆ ಹೊತ್ತವರು ಕಳೆದ ನೂರು ವರ್ಷ ಎಡವಿದ್ದೆಲ್ಲ ಬಹುಪಾಲು ಈ ಹೊಸ್ತಿಲಲ್ಲೇ.

ಮಾಸ್ಕೋದವರು ಇನ್ನೂ ಮುಂಚೆ, ಇನ್ನೂ ಜೋರಾಗಿ ಎಡವಿದ್ದರು. ಸೋವಿಯತ್ ಹಣಕಾಸು ಇಲಾಖೆಯ ನೌಕರರಿಗಾಗಿ ಮೊಯ್ಸೇ ಗಿನ್ಸ್‌ಬುರ್ಗ್ ಮತ್ತು ಇಗ್ನಾತಿ ಮಿಲಿನಿಸ್ ನಕ್ಷೆ ಬರೆದ ‘ನಾರ್ಕೋಮ್‌ಫಿನ್’ ಕಟ್ಟಡದ ಕೆಲಸ 1928ರಲ್ಲಿ ಶುರುವಾಯಿತು. ಇಕ್ಕಟ್ಟಿನಲ್ಲಿ ಬಿಕ್ಕಟ್ಟಿಲ್ಲದೆ ಬದುಕುವುದು ಹೇಗೆಂಬ ಪ್ರಶ್ನೆಗೆ ಅದಕ್ಕಿಂತ ಚಂದದ ಉತ್ತರ ನಾನು ಕಂಡಿಲ್ಲ. ಕೂರುವ ಕೋಣೆಗೆ ಎತ್ತರದ ಸೂರು, ಮಲಗುವ ಕೋಣೆಗೆ ತಗ್ಗು ಸೂರು. ಮಲಗಿದವರಿಗೆ ಎತ್ತರ ಯಾಕೆ? ಹೀಗೆ ಉಳಿದ ಎತ್ತರವನ್ನು ಒಂದರ ಮೇಲೊಂದು ಹೆಣೆದು, ಅಷ್ಟೇ ಗಾತ್ರದ ಕಟ್ಟಡದಲ್ಲಿ ಹೆಚ್ಚು ಮನೆ ಕೂರಿಸಿದರು. ಚಿಕ್ಕ ಮಾದರಿಯ ಮನೆಗೆ ಪೂರ್ತಿ ಅಡುಗೆಮನೆ ಕೊಡದೆ ಗೋಡೆಯ ಮೂಲೆಯಲ್ಲಿ ಒಂದು ಅಡುಗೆ ಕಪಾಟು ಇಟ್ಟರು. ನಿಜವಾದ ಅಡುಗೆ, ಊಟ, ವ್ಯಾಯಾಮ, ಓದು ಎಲ್ಲ ಪಕ್ಕದ ಗಾಜಿನ ಕಟ್ಟಡದಲ್ಲಿ ಆಗಬೇಕಿತ್ತು. ಆಗಲಿಲ್ಲ. ಜನ ಊಟ ಕಟ್ಟಿಸಿಕೊಂಡು ಮನೆಗೆ ಒಯ್ದರು. 1930ರ ಮೇ ತಿಂಗಳಲ್ಲಿ ಪಕ್ಷದ ಕೇಂದ್ರ ಸಮಿತಿಯೇ, ಬದುಕನ್ನು ಒಂದೇ ನೆಗೆತಕ್ಕೆ ಬದಲಿಸುವ ಇಂಥ ಆತುರ ಸಲ್ಲದೆಂದು ಠರಾವು ಹೊರಡಿಸಿತು. ಶಿಥಿಲವಾಗುತ್ತ ನಿಂತಿದ್ದ ಕಟ್ಟಡವನ್ನು ಇತ್ತೀಚೆಗೆ ಜೀರ್ಣೋದ್ಧಾರ ಮಾಡಿದವರು ಗಿನ್ಸ್‌ಬುರ್ಗ್ ಅವರ ಮೊಮ್ಮಗ.

ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ 1934ರಲ್ಲಿ ತೆರೆದ ಲಾನ್ ರೋಡ್ ಫ್ಲ್ಯಾಟುಗಳದ್ದೂ ಇದೇ ಕಥೆ, ಆದರೆ ನಗುವಿನ ಅಂಚು ಇದೆ. ವೆಲ್ಸ್ ಕೋಟ್ಸ್ ನಕ್ಷೆ. ಹಡಗಿನ ಕ್ಯಾಬಿನ್‌ನಂಥ ಮನೆಗಳು. ಕೆಳಗೆ ಎಲ್ಲರಿಗೂ ಒಂದು ಅಡುಗೆಮನೆ. ಅದನ್ನು ಬಳಸುವವರು ಕಮ್ಮಿ ಎಂದು ಮೂರೇ ವರ್ಷದಲ್ಲಿ, ಕುರ್ಚಿಗಳಿಗೆ ಹೆಸರಾದ ಮಾರ್ಸೆಲ್ ಬ್ರಾಯರ್ ಕೈಯಿಂದ ಅದನ್ನು ಬಾರ್ ಮಾಡಿಸಿದರು. ಬಾರ್ ಚೆನ್ನಾಗಿ ನಡೆಯಿತು! ಯುದ್ಧಕಾಲದಲ್ಲಿ ಅಗಾಥಾ ಕ್ರಿಸ್ಟಿ ಅಲ್ಲಿ ಬಾಡಿಗೆಗಿದ್ದರು. ಅಡುಗೆಮನೆಗೆ ಬಾರದ ಜನ ಬಾರಿಗೆ ಬಂದದ್ದೇಕೆ? ಬಾರಿಗೆ ಬರಲೇಬೇಕೆಂಬ ಕಟ್ಟಳೆ ಇರಲಿಲ್ಲ, ಬಂದವರು ಎದ್ದು ಹೋಗಬಹುದಿತ್ತು.

ಯೆಹೂದಿಗಳ ಕಿಬುತ್ಸ್‌ಗಳಲ್ಲಿ ಈ ಸೂಕ್ಷ್ಮ ಒಂದು ಕೆಟಲಿನ ರೂಪದಲ್ಲಿ ಬಂತು. ಮೊದಲ ಕಿಬುತ್ಸ್ ‘ದೆಗಾನಿಯಾ’ ಆರಂಭವಾದದ್ದು 1910ರಲ್ಲಿ. ಹೊಲ ಎಲ್ಲರದು, ದುಡಿಮೆ ಎಲ್ಲರದು, ಊಟದ ಮನೆ ಊರಿನ ನಡುವೆ. ಮೂರು ಹೊತ್ತೂ ಅಲ್ಲೇ ಊಟ, ಸಭೆ, ಹಬ್ಬ, ಜಗಳ. ಕೆಲವು ದಶಕಗಳಾದ ಮೇಲೆ ಯಾರೋ ತಮ್ಮ ಕೋಣೆಗೊಂದು ನೀರು ಕಾಯಿಸುವ ಕೆಟಲು ತಂದಿಟ್ಟುಕೊಂಡರು. ಚಹಾ ಕುಡಿಯುವ ಈ ಸಣ್ಣ ಆಸೆಯ ಬಗ್ಗೆ ಸಭೆಗಳಲ್ಲಿ ಗಂಭೀರ ಚರ್ಚೆ ನಡೆಯಿತು. ಕೋಣೆಯಲ್ಲೇ ಚಹಾ ಸಿಕ್ಕರೆ ಸಂಜೆ ಊಟದ ಮನೆಗೆ ಬರುವವರಾರು ಎಂಬ ಅಂಜಿಕೆ. ಅಂಜಿದವರು ಪೆದ್ದರಲ್ಲ. ಕೆಟಲಿನ ಹಿಂದೆ ಫ್ರಿಜ್ಜು ಬಂತು, ಫ್ರಿಜ್ಜಿನ ಹಿಂದೆ ಒಲೆ, ಒಲೆಯ ಹಿಂದೆ ಸಂಸಾರದ ಊಟದ ಮೇಜು. ಎಷ್ಟೋ ಕಿಬುತ್ಸ್‌ಗಳಲ್ಲಿ ಊಟದ ಮನೆ ದುಡ್ಡು ಕೊಟ್ಟು ಉಣ್ಣುವ ಕ್ಯಾಂಟೀನಾಯಿತು, ಇಲ್ಲವೇ ಬೀಗ ಬಿತ್ತು.

ಇದನ್ನೆಲ್ಲ ಓದುವಾಗ ಹಳೇ ಮೈಸೂರು, ಬೆಂಗಳೂರಿನ ವಠಾರಗಳು ನೆನಪಾಗದಿರುವುದಿಲ್ಲ. ಅಲ್ಲಿ ಬಾವಿ ಒಂದೇ, ಆಮೇಲೆ ನಲ್ಲಿ ಒಂದೇ, ಕಕ್ಕಸು ಒಂದೇ, ಬಟ್ಟೆ ಒಣಗಿಸುವ ತಂತಿಯೂ ಹಂಚಿಕೆಯದೇ. ಒಲೆ ಮಾತ್ರ ಮನೆಗೊಂದು. ಹುಳಿಯ ಬಟ್ಟಲು ಗೋಡೆ ದಾಟುತ್ತಿತ್ತು, ಉಣ್ಣುವವರು ದಾಟುತ್ತಿರಲಿಲ್ಲ. ಅದಕ್ಕೆ ಕಾರಣ ಜಾಗದ ಅಭಾವವಲ್ಲ. ಮಡಿ, ಜಾತಿ, ಈರುಳ್ಳಿ ಬೆಳ್ಳುಳ್ಳಿ, ಅವರ ಕೈಯಲ್ಲಿ ಉಂಡರೆ ಏನಂದಾರು ಎಂಬ ಅಳುಕು. ಬಾಡಿಗೆ ಕೇಳುವ ಮೊದಲೇ ‘ನೀವು ಯಾವ ಪೈಕಿ’ ಎಂದು ಕೇಳಿದ ಮೇಲೂ ಒಲೆ ಒಂದಾಗಲಿಲ್ಲ ಎಂದರೆ ಒಲೆ ಎಷ್ಟು ಗಟ್ಟಿ ವಸ್ತು, ನೋಡಿ.

ಹಾಗಾದರೆ ಯಾರಾದರೂ ಗೆದ್ದಿದ್ದಾರೆಯೇ? ಡೆನ್ಮಾರ್ಕಿನವರು, ತಕ್ಕಮಟ್ಟಿಗೆ. ಗೆದ್ದ ರೀತಿ ವಿಚಿತ್ರ. ಅವರು ಮನೆಯೊಳಗಿನ ಒಲೆಯನ್ನು ಕಿತ್ತುಹಾಕಲೇ ಇಲ್ಲ.

ಯಾನ್ ಗುಡ್‌ಮನ್-ಹೊಯರ್ ಎಂಬ ವಾಸ್ತುಶಿಲ್ಪಿ 1964ರ ಚಳಿಗಾಲದಲ್ಲಿ ಕೆಲವು ಗೆಳೆಯರನ್ನು ಕೂಡಿಸಿಕೊಂಡು, ಕೋಪನ್‌ಹೇಗನ್ ಅಂಚಿನಲ್ಲಿ ಒಟ್ಟಿಗೆ ಮನೆ ಕಟ್ಟಿಕೊಳ್ಳೋಣ ಎಂದು ಹೊರಟರು. ಜಾಗವೂ ಸಿಕ್ಕಿತು. ಸುತ್ತಲಿನವರು, ಇಷ್ಟು ಸಂಸಾರ ಬಂದರೆ ಮಕ್ಕಳ ಗದ್ದಲ ಹೆಚ್ಚುತ್ತದೆ ಎಂದು ಅಡ್ಡ ಬಂದರು. ಯೋಜನೆ ಬಿದ್ದುಹೋಯಿತು. ಸುಮ್ಮನೆ ಕೂರದೆ ಅವರು 1968ರಲ್ಲಿ ಪತ್ರಿಕೆಗೊಂದು ಲೇಖನ ಬರೆದರು. ಅದಕ್ಕೆ ಒಂದು ವರ್ಷ ಮುಂಚೆ ಬೋಡಿಲ್ ಗ್ರೋ ಎಂಬ ಲೇಖಕಿ ಇನ್ನೊಂದು ಪತ್ರಿಕೆಯಲ್ಲಿ, ಮಕ್ಕಳಿಗೆ ನೂರು ಜನ ಅಪ್ಪ-ಅಮ್ಮ ಬೇಕು ಎಂಬರ್ಥದ ತಲೆಬರಹ ಕೊಟ್ಟು ಬರೆದಿದ್ದರು. ಈ ಎರಡು ಲೇಖನ ಓದಿ ಬಂದವರು ಸೇರಿ ಕಟ್ಟಿದ್ದೇ 1972ರ ‘ಸೆಟ್ಟೆಡಾಮೆನ್’, 27 ಮನೆಗಳು. ಮರುವರ್ಷ ‘ಸ್ಕ್ರೋಪ್ಲಾನೆಟ್’, 33 ಮನೆಗಳು. ಡೇನಿಷ್ ಭಾಷೆಯಲ್ಲಿ ಇಂಥ ಕೇರಿಗೆ ‘ಬೋಫೆಲೆಸ್ಕಾಬ್’ ಎಂದು ಹೆಸರು. ಕೂಡಿ ಬಾಳುವುದು ಎಂದರ್ಥ. ನಡುವಿನ ಊಟದ ಮನೆಗೆ ‘ಫೆಲೆಸ್‌ಹೂಸ್’, ಎಲ್ಲರ ಮನೆ.

ನನಗೆ ಹೆಚ್ಚು ಇಷ್ಟವಾದದ್ದು 1978ರ ‘ಟಿಂಗ್‌ಗೋರ್ಡನ್’. ಅದು ಸಾಲ ಮಾಡಿ ಕಟ್ಟಿಕೊಂಡ ಸ್ವಂತ ಮನೆಗಳ ಕೇರಿಯಲ್ಲ, ಬಾಡಿಗೆಯ ಸಾಮಾಜಿಕ ವಸತಿ. ‘ವಾಂಡ್‌ಕುನ್ಸ್ಟೆನ್’ ಎಂಬ ವಾಸ್ತುಶಿಲ್ಪಿಗಳ ಗುಂಪು 78 ಮನೆಗಳನ್ನು ಆರು ಗುಂಪಾಗಿ ಒಡೆದು ಪ್ರತಿ ಗುಂಪಿಗೊಂದು ಎಲ್ಲರ ಮನೆ ಕೊಟ್ಟಿತು. ಜಾಗ ಎಲ್ಲಿಂದ ಬಂತು? ಪ್ರತಿ ಮನೆಯ ವಿಸ್ತೀರ್ಣದಲ್ಲಿ ಶೇಕಡ 10ರಷ್ಟು ಮುರಿದುಕೊಂಡರು.

ಈ ಹತ್ತು ಪರ್ಸೆಂಟಿನ ಮಹಿಮೆಯನ್ನು ನಾವೇ ಲೆಕ್ಕ ಹಾಕಿ ನೋಡಬಹುದು. 15 ಮನೆ, ಒಂದೊಂದೂ 80 ಚದರ ಮೀಟರ್ ಎಂದಿಟ್ಟುಕೊಳ್ಳಿ. ಮನೆಗೆ 8 ಚದರ ಮೀಟರ್ ಕಳೆದರೆ ಹೋದದ್ದು ಒಂದು ಸಣ್ಣ ಕೋಣೆ, ನೆಂಟರು ಬಂದಾಗ ಬಿಟ್ಟರೆ ಇಸ್ತ್ರಿ ಬಟ್ಟೆ ರಾಶಿ ಬೀಳುವ ಆ ಕೋಣೆ. ಒಟ್ಟು ಕೂಡಿದ್ದು 120 ಚದರ ಮೀಟರ್, ಸುಮಾರು 1,300 ಚದರಡಿ. ಮೇಜು ಹಾಕಿ ಉಣ್ಣುವವರಿಗೆ ತಲೆಗೆ 1.4 ಚದರ ಮೀಟರ್ ಹಿಡಿದರೆ 40 ಜನರ ಊಟದ ಕೋಣೆಗೆ 56 ಸಾಕು. ಉಳಿದದ್ದರಲ್ಲಿ ದೊಡ್ಡ ಅಡುಗೆಮನೆ, ಉಗ್ರಾಣ, ಬಟ್ಟೆ ಒಗೆಯುವ ಯಂತ್ರಗಳು, ನೆಂಟರಿಗೊಂದು ಕೋಣೆ ಎಲ್ಲ ಹಿಡಿಸುತ್ತವೆ. ನಲವತ್ತು-ಅರವತ್ತು ಸೈಟಿನಲ್ಲಿ ಒಬ್ಬೊಬ್ಬರೇ ಕಟ್ಟಿಕೊಂಡು, ವರ್ಷಕ್ಕೆರಡು ಬಾರಿ ಬಳಸುವ ‘ಗೆಸ್ಟ್ ರೂಮ್’ ಗುಡಿಸುತ್ತ ಕೂತ ನಮ್ಮ ನಿವೃತ್ತ ದಂಪತಿಗಳನ್ನು ನೆನೆದರೆ ಈ ಲೆಕ್ಕ ಸ್ವಲ್ಪ ಚುಚ್ಚುತ್ತದೆ.

ಮನೆಯೊಳಗೆ ಚಿಕ್ಕ ಒಲೆ ಉಳಿಯಿತಲ್ಲ, ಅದೇ ದೊಡ್ಡ ಒಲೆಯನ್ನು ಕಾಪಾಡಿತು ಎಂಬುದು ನನ್ನ ಅನಿಸಿಕೆ. ಇವತ್ತು ಬೇಡ, ಮನೆಯಲ್ಲೇ ಒಂದು ಚಿತ್ರಾನ್ನ ಕಲಸಿಕೊಳ್ಳುತ್ತೇನೆ ಎನ್ನುವ ದಾರಿ ತೆರೆದಿದ್ದರೆ ನಾಳೆ ಬರಲು ಮನಸ್ಸಿರುತ್ತದೆ. ಮಾಸ್ಕೋದ ನಕ್ಷೆಯಲ್ಲಿ ಆ ದಾರಿ ಇಕ್ಕಟ್ಟಾಗಿತ್ತು, ಜನ ಗೋಡೆಗೆ ತಲೆ ಚಚ್ಚಿಕೊಳ್ಳುವ ಬದಲು ಊಟವನ್ನೇ ಹೊತ್ತೊಯ್ದರು.

ಚಿಕ್ಕ ಒಲೆಗೂ ಒಂದು ವಿಜ್ಞಾನವಿದೆ. 1926ರಲ್ಲಿ ಮಾರ್ಗರೆಟ್ ಶುಟ್ಟೆ-ಲಿಹೋಟ್ಸ್‌ಕಿ ಎಂಬ ಆಸ್ಟ್ರಿಯದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್‌ನ ಹೊಸ ಬಡಾವಣೆಗಳಿಗಾಗಿ ಸುಮಾರು 1.9 ಮೀಟರ್ ಅಗಲ, 3.4 ಮೀಟರ್ ಉದ್ದದ ಅಡುಗೆಮನೆ ರೂಪಿಸಿದರು. ರೈಲಿನ ಊಟದ ಬೋಗಿಯ ಅಡುಗೆಮನೆ ಅವರಿಗೆ ಮಾದರಿ. ಒಲೆಯಿಂದ ತೊಟ್ಟಿಗೆ, ತೊಟ್ಟಿಯಿಂದ ಕಪಾಟಿಗೆ ಎಷ್ಟು ಹೆಜ್ಜೆ, ಎಷ್ಟು ಸೆಕೆಂಡು ಎಂದು ಅಳೆದು ಇಟ್ಟರು. ಅಂಥ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಎದ್ದವು. ಇಂದಿನ ಮಾಡ್ಯುಲರ್ ಕಿಚನ್‌ಗಳ ಅಜ್ಜಿ ಅದು. ಇನ್ನು ದೊಡ್ಡ ಒಲೆಯ ಕಡೆಗೆ ಬರೋಣ. ಅಲ್ಲಿಗೆ ಹೋಗುವ ದಾರಿಯಿಂದಲೇ ಶುರುಮಾಡಬೇಕು.

ಎರಡನೇ ಮಹಾಯುದ್ಧ ಮುಗಿದು ಸೈನಿಕರು ಕಾಲೇಜಿಗೆ ಮರಳಿದಾಗ ಅಮೆರಿಕದ ಎಂಐಟಿ ಅವರ ಸಂಸಾರಗಳಿಗೆ ‘ವೆಸ್ಟ್‌ಗೇಟ್’ ಎಂಬ ವಸತಿ ಕಟ್ಟಿತು. ಯಾರಿಗೆ ಯಾವ ಮನೆ ಎಂಬುದು ಅವರವರ ಆಯ್ಕೆಯಲ್ಲ, ಖಾಲಿಯಾದ ಮನೆ ಸರದಿಯಂತೆ ಸಿಗುತ್ತಿತ್ತು. ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ಅಲ್ಲಿನವರನ್ನು ‘ನಿಮ್ಮ ಆಪ್ತರು ಯಾರು’ ಎಂದು ಕೇಳಿ 1950ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವರು ಗೆಳೆಯರಾದದ್ದು ನೂರಕ್ಕೆ 41 ಸಲ. ಒಂದು ಮನೆ ಬಿಟ್ಟು ಆಚೆಗೆ 22. ಮೊಗಸಾಲೆಯ ಆ ತುದಿ ಈ ತುದಿಗೆ 10. ತುದಿಯಿಂದ ತುದಿಗೆ ದೂರ ಎಷ್ಟು? 88 ಅಡಿ! ಅಡುಗೆ ಮಾಡುವಾಗ ಉಪ್ಪು ಕೇಳಲು ಹೋಗುವಷ್ಟು ದೂರ. ಇನ್ನೊಂದು ಸಂಗತಿ ಇನ್ನೂ ಸ್ವಾರಸ್ಯದ್ದು: ಮೆಟ್ಟಿಲ ಬುಡದಲ್ಲಿದ್ದ ಮನೆಯವರಿಗೆ ಮೇಲ್ಮಹಡಿಯಲ್ಲಿ ಸ್ನೇಹಿತರು ಹೆಚ್ಚು. ಅವರ ಗುಣವೇನೂ ಮಿಗಿಲಾಗಿರಲಿಲ್ಲ, ಅವರ ಬಾಗಿಲ ಮುಂದೆ ಹಾದುಹೋಗುವವರು ಹೆಚ್ಚಿದ್ದರು, ಅಷ್ಟೆ.

ಡೆನ್ಮಾರ್ಕಿನ ಕೇರಿಗಳ ನಕ್ಷೆಯಲ್ಲಿ ಇದರ ಪಡಿಯಚ್ಚು ಕಾಣುತ್ತದೆ. ಕಾರು ನಿಲ್ಲಿಸುವ ಜಾಗವನ್ನು ಮನೆ ಬಾಗಿಲಿಗೆ ತರದೆ ಕೇರಿಯ ಅಂಚಿಗೆ ತಳ್ಳುತ್ತಾರೆ. ಕಾರಿಳಿದವರು ಓಣಿಯಲ್ಲಿ ನಡೆದೇ ಮನೆಗೆ ಹೋಗಬೇಕು, ಆ ಓಣಿ ಎಲ್ಲರ ಮನೆಯ ಕಿಟಕಿಯ ಪಕ್ಕದಲ್ಲೇ ಹಾಯಬೇಕು. ಒಗ್ಗರಣೆಯ ವಾಸನೆ ಮೂಗಿಗೆ ಬಡಿದು, ಒಳಗೆ ಯಾರು ಯಾರು ಕೂತಿದ್ದಾರೆಂದು ಕಂಡು, ಆಮೇಲೆ ಒಳಗೆ ಹೋಗಬೇಕೋ ಬೇಡವೋ ಎಂದು ನಿರ್ಧರಿಸುವಷ್ಟು ಹೊತ್ತು ಸಿಗಬೇಕು. ಮನೆಗಳ ಅಡುಗೆ ಕಟ್ಟೆಯ ಕಿಟಕಿಯೂ ಓಣಿಗೇ ಮುಖಮಾಡಿರುತ್ತದೆ. ತರಕಾರಿ ಹೆಚ್ಚುತ್ತ ನಿಂತವರಿಗೆ ಆಡುವ ಮಕ್ಕಳು ಕಾಣುತ್ತಾರೆ. ಹಿಂಬದಿಗೆ ಮಾತ್ರ ಯಾರೂ ಇಣುಕದ ಹಿತ್ತಿಲು. ಮುಂದೆ ಜಗಲಿ, ಹಿಂದೆ ಹಿತ್ತಿಲು ಇದ್ದ ನಮ್ಮ ಮನೆಗಳಿಗೆ ಈ ಪಾಠ ಹೊಸದೇನಲ್ಲ. ಬೇಸ್‌ಮೆಂಟಿನಲ್ಲಿ ಕಾರಿಳಿದು, ಲಿಫ್ಟ್ ಏರಿ, ಯಾರ ಮುಖವನ್ನೂ ನೋಡದೆ ಹನ್ನೊಂದನೇ ಮಹಡಿ ಸೇರುವ ಅಪಾರ್ಟ್‌ಮೆಂಟಿನಲ್ಲಿ ನೆರೆಯವರ ಪರಿಚಯವಿಲ್ಲ ಎಂದು ಕೊರಗುವುದು, ಬಾವಿಗೆ ಬಂಡೆ ಮುಚ್ಚಿ ನೀರಿಲ್ಲ ಎಂದಂತೆ. 1984ರಲ್ಲಿ ಇದೇ ವಾಂಡ್‌ಕುನ್ಸ್ಟೆನ್ ತಂಡ ಯುಸ್ಟ್ರುಪ್ ಎಂಬ ಊರಲ್ಲಿ ಕಟ್ಟಿದ 21 ಮನೆಗಳ ಕೇರಿಗೆ ಓಣಿಯ ಮೇಲೂ ಗಾಜಿನ ಮಾಡು ಹೊದಿಸಿತು, ಹಿಮ ಬೀಳುವಾಗಲೂ ಚಪ್ಪಲಿಯಲ್ಲೇ ಊಟಕ್ಕೆ ಬರಲಿ ಎಂದು.

ಒಳಗೆ ಬಂದವರು ಕೂರುವುದು ಹೇಗೆ? ಕೆನಡಾದ ಸಸ್ಕಾಚೆವಾನ್ ಪ್ರಾಂತದ ಮಾನಸಿಕ ಆಸ್ಪತ್ರೆಯೊಂದರಲ್ಲಿ 1950ರ ದಶಕದಲ್ಲಿ ಹಂಫ್ರಿ ಆಸ್ಮಂಡ್ ಎಂಬ ವೈದ್ಯರಿದ್ದರು. (‘ಸೈಕೆಡೆಲಿಕ್’ ಎಂಬ ಪದ ಹುಟ್ಟಿಸಿದ ಪುಣ್ಯಾತ್ಮರೂ ಇವರೇ.) ಕೇಂದ್ರಾಭಿಮುಖ ಬಲ, ಕೇಂದ್ರಾಪಗಾಮಿ ಬಲ ಎಂದು ಭೌತಶಾಸ್ತ್ರದಲ್ಲಿ ಓದುತ್ತೇವಲ್ಲ, ಹಾಗೆಯೇ ಕೋಣೆಗಳಲ್ಲೂ ಜನರನ್ನು ಒಳಗೆಳೆಯುವವು, ಹೊರಗೆಸೆಯುವವು ಎಂದು ಎರಡು ಜಾತಿ ಅಂದರು. ಅವರ ಜೊತೆಗಾರ ರಾಬರ್ಟ್ ಸಾಮರ್ ಅಲ್ಲಿನ ವೃದ್ಧರ ವಾರ್ಡನ್ನು ಗಮನಿಸಿದರು. ಹೊಸ ಬಣ್ಣ, ಹೊಸ ಕುರ್ಚಿ, ಎಲ್ಲ ಇದ್ದರೂ ಯಾರೂ ಮಾತಾಡುತ್ತಿರಲಿಲ್ಲ. ಕುರ್ಚಿಗಳೆಲ್ಲ ಗೋಡೆಗೆ ಬೆನ್ನು ಕೊಟ್ಟು, ರೈಲ್ವೆ ನಿಲ್ದಾಣದ ವೇಟಿಂಗ್ ರೂಮಿನಂತೆ ಸಾಲಾಗಿ ನಿಂತಿದ್ದವು. ಸಾಮರ್ ಅವುಗಳನ್ನು ಸಣ್ಣ ಚೌಕ ಮೇಜುಗಳ ಸುತ್ತ ಹಾಕಿಸಿದರು. ಮೊದಮೊದಲು ಜನ ಕುರ್ಚಿಯನ್ನು ಎಳೆದು ಮತ್ತೆ ಗೋಡೆಗೇ ಒಯ್ದರು. ಕೆಲವು ವಾರ ಕಳೆದು ಎಣಿಸಿದಾಗ ಮಾತುಕತೆ ಹೆಚ್ಚುಕಮ್ಮಿ ಇಮ್ಮಡಿಯಾಗಿತ್ತು. ಮೇಜಿನ ಯಾವ ಕುರ್ಚಿಗಳ ನಡುವೆ ಮಾತು ಹೆಚ್ಚು ಎಂದೂ ಅವರು ನೋಡಿದ್ದರು. ಎದುರುಬದುರಲ್ಲ, ಪಕ್ಕಪಕ್ಕವೂ ಅಲ್ಲ; ಮೇಜಿನ ಮೂಲೆಯ ಈಚೆಗೊಬ್ಬರು, ಆಚೆಗೊಬ್ಬರು. ಬೇಕೆನಿಸಿದಾಗ ಮುಖ ನೋಡಬಹುದು, ಬೇಡವಾದಾಗ ತಟ್ಟೆ ನೋಡಬಹುದು.

ನಮ್ಮ ಪಂಕ್ತಿ ಈ ಲೆಕ್ಕಕ್ಕೆ ಸೇರದ ಇನ್ನೊಂದು ಬಗೆ. ಅದನ್ನು ರೂಪಿಸಿದ್ದು ಉಣ್ಣುವವರ ಮಾತಿಗಲ್ಲ, ಬಡಿಸುವವರ ಕಾಲಿಗೆ. ಎರಡು ಸಾಲಿನ ನಡುವೆ ಓಡಾಡಲು ದಾರಿ. ಅನ್ನದ ಕೊಳಗ, ಸಾರಿನ ಬಕೆಟ್ಟು ಹಿಡಿದವರು ಬಾಗಿ ಬಡಿಸುತ್ತ ಸಾಗಿದರೆ ಇನ್ನೂರು ಎಲೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. ಎದುರಿನ ಸಾಲಿನವರು ಕೂಗಿದರೆ ಮಾತ್ರ ಕೇಳುವಷ್ಟು ದೂರ. ಧರ್ಮಸ್ಥಳಕ್ಕೆ, ಸಿದ್ಧಗಂಗೆಗೆ ಅದು ಸರಿ. ದಿನಾ ಸಂಜೆ ಅದೇ ಮೂವತ್ತು ಜನ ಸೇರುವ ಮನೆಗೆ ಸರಿಯಲ್ಲ. ಆರು-ಎಂಟು ಜನರ ಮೇಜುಗಳು ಬೇಕು, ತಲೆಗೆ 60 ಸೆಂಟಿಮೀಟರ್ ಅಂಚು ಸಾಕು.

ಸದ್ದಿನ ವಿಷಯವನ್ನು ಬಹುಪಾಲು ನಕ್ಷೆಗಳು ಮರೆತೇಬಿಡುತ್ತವೆ. ಕಳೆದ ವರ್ಷ ಒಂದು ಕಲ್ಯಾಣ ಮಂಟಪದ ನೆಲಮಾಳಿಗೆಯ ಊಟದ ಹಾಲಿನಲ್ಲಿ ಕೂತಿದ್ದೆ. ಕೆಳಗೆ ಗ್ರಾನೈಟ್, ಮೇಲೆ ಬೋಳು ಆರ್‌ಸಿಸಿ, ಸುತ್ತ ಟೈಲ್ಸು. ಪಕ್ಕದಲ್ಲಿದ್ದ ನಮ್ಮ ಸೋದರತ್ತೆಗೆ ಎಂಬತ್ತೆರಡು ವರ್ಷ. ‘ಪಾಯಸ ಹಾಕಲಾ’ ಎಂದು ಬಡಿಸುವವನು ಎರಡು ಸಲ ಕೇಳಿದರೂ ಗೊತ್ತಾಗದೆ ಸುಮ್ಮನೆ ನಕ್ಕರು. ಅವನು ಮುಂದೆ ಹೋದ. ಆಮೇಲೆ ಅವರು ಯಾರ ಜೊತೆಗೂ ಮಾತಾಡಲು ಹೋಗಲಿಲ್ಲ, ತಲೆ ತಗ್ಗಿಸಿ ಉಂಡು ಎದ್ದರು. ಕಿವಿ ಮಂದವಾದವರನ್ನು ಪಂಕ್ತಿಯಿಂದ ಹೊರಗಿಡಲು ಯಾವ ಶಾಸ್ತ್ರವೂ ಬೇಕಿಲ್ಲ, ಒಂದು ಬೋಳು ಸೂರು ಸಾಕು.

1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಕೋಣೆಯೊಂದರಲ್ಲಿ ಪಾಠ ಯಾರಿಗೂ ಅರ್ಥವಾಗುತ್ತಿರಲಿಲ್ಲ. ಪ್ರೊಫೆಸರರ ತಪ್ಪಲ್ಲ, ಒಂದು ಮಾತು ಸಾಯಲು ಐದೂವರೆ ಸೆಕೆಂಡು ಹಿಡಿಯುತ್ತಿತ್ತು. ಅಷ್ಟರಲ್ಲಿ ಇನ್ನು ಹತ್ತು ಹದಿನೈದು ಪದ ಮೇಲೆ ಬಂದು ಬೀಳುತ್ತಿದ್ದವು. ಸರಿಮಾಡಲು ವಾಲೇಸ್ ಸಬೈನ್ ಎಂಬ ತರುಣ ಅಧ್ಯಾಪಕರಿಗೆ ಹೇಳಿದರು. ಊರು ಮಲಗಿದ ಮೇಲೆ ಅವರು ಹತ್ತಿರದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊರಿಸಿ ತರುತ್ತಿದ್ದರು. ಆರ್ಗನ್ ಕೊಳವೆಯೊಂದನ್ನು ಊದಿಸಿ, ಅದು ನಿಂತ ಮೇಲೆ ದನಿ ಕಿವಿಗೆ ಕೇಳದಾಗುವವರೆಗೆ ಎಷ್ಟು ಹೊತ್ತು ಎಂದು ಸ್ಟಾಪ್‌ವಾಚ್ ಹಿಡಿದು ಅಳೆಯುತ್ತಿದ್ದರು. ಇಷ್ಟು ಮೆತ್ತೆ ಇಟ್ಟರೆ ಇಷ್ಟು ಸೆಕೆಂಡು, ಇನ್ನಷ್ಟು ಇಟ್ಟರೆ ಇನ್ನೆಷ್ಟು? ಬೆಳಗಾಗುವ ಮೊದಲು ಮೆತ್ತೆಗಳೆಲ್ಲ ವಾಪಸ್. ಆ ರಾತ್ರಿಗಳಿಂದ ಹುಟ್ಟಿದ ಸೂತ್ರವನ್ನು ಎಂಜಿನಿಯರುಗಳು ಇಂದಿಗೂ ಬಳಸುತ್ತಾರೆ. ಕೋಣೆಯ ಘನ ಅಳತೆಯನ್ನು 0.161ರಿಂದ ಗುಣಿಸಿ, ಕೋಣೆ ಒಟ್ಟು ಎಷ್ಟು ಸದ್ದು ಹೀರುತ್ತದೆ ಎಂಬ ಸಂಖ್ಯೆಯಿಂದ ಭಾಗಿಸಿದರೆ, ಅನುರಣನ ಎಷ್ಟು ಸೆಕೆಂಡು ಎಂದು ಸಿಗುತ್ತದೆ.

ಮೊದಲು ಲೆಕ್ಕ ಹಾಕಿದ್ದಕ್ಕಿಂತ ದೊಡ್ಡದಾದ ಒಂದು ಊಟದ ಕೋಣೆಗೆ ಹಚ್ಚಿ ನೋಡೋಣ. 12 ಮೀಟರ್ ಉದ್ದ, 8 ಅಗಲ, 3 ಎತ್ತರ. ಘನ ಅಳತೆ 288. ಗಾರೆ, ಟೈಲ್ಸುಗಳು ಬಿದ್ದ ಸದ್ದಿನಲ್ಲಿ ನೂರಕ್ಕೆ ಮೂರು ಪಾಲು ಹೀರಿದರೆ ಹೆಚ್ಚು, ಉಳಿದದ್ದನ್ನು ವಾಪಸ್ ಎಸೆಯುತ್ತವೆ. ಖಾಲಿ ಕೋಣೆಯ ಅನುರಣನ ಸುಮಾರು 5 ಸೆಕೆಂಡು. ನಲವತ್ತು ಜನ ಬಂದು ಕೂತರೆ ಅವರ ಮೈ, ಬಟ್ಟೆ ಸದ್ದು ಹೀರಿ ಅದು 1.7ಕ್ಕೆ ಇಳಿಯುತ್ತದೆ. ಸಾಲದು. ಸೂರಿಗೆ ಮಾತ್ರ ಸದ್ದು ಹೀರುವ ಹಲಗೆ ಬಡಿಯಿರಿ, ಬೇರೇನೂ ಮುಟ್ಟಬೇಡಿ. ಅನುರಣನ ಅರ್ಧ ಸೆಕೆಂಡಿಗೂ ಕೆಳಗೆ ಬರುತ್ತದೆ. ಸೋದರತ್ತೆಗೆ ಪಾಯಸ ಸಿಗುತ್ತದೆ. ಲಾಭ ಇಲ್ಲಿಗೇ ನಿಲ್ಲುವುದಿಲ್ಲ. ಎತಿಯೆನ್ ಲೊಂಬಾರ್ ಎಂಬ ಫ್ರೆಂಚ್ ಕಿವಿವೈದ್ಯರು 1911ರಲ್ಲೇ ಹೇಳಿದ್ದಾರೆ: ಸುತ್ತ ಗದ್ದಲ ಹೆಚ್ಚಿದರೆ ನಾವು ಅರಿವಿಲ್ಲದೆ ದನಿ ಏರಿಸುತ್ತೇವೆ. ನನ್ನ ಏರುದನಿ ಪಕ್ಕದ ಮೇಜಿಗೆ ಗದ್ದಲ, ಅವರ ಏರುದನಿ ನನಗೆ. ಸೂರು ಸದ್ದು ನುಂಗಿದರೆ ಈ ಏಣಿಯ ಮೊದಲ ಮೆಟ್ಟಿಲೇ ಮುರಿಯುತ್ತದೆ.

ಅಡುಗೆಮನೆಯ ಭೌತಶಾಸ್ತ್ರ ಅರ್ಧ ವರ, ಅರ್ಧ ಶಾಪ. ಎರಡು ಲೀಟರಿನ ಪಾತ್ರೆಯ ಬದಲು ಅರವತ್ತು ಲೀಟರಿನ ಕೊಪ್ಪರಿಗೆ ಇಟ್ಟರೆ ಹುಳಿ ಮೂವತ್ತು ಪಟ್ಟು, ಆದರೆ ಶಾಖ ಸೋರುವ ಮೈ ಸುಮಾರು ಹತ್ತು ಪಟ್ಟು ಮಾತ್ರ. ಲೀಟರಿಗೆ ಸೋರಿಕೆ ಮೂರನೇ ಒಂದು ಪಾಲು, ಗ್ಯಾಸ್ ಉಳಿತಾಯ. ಇದೇ ಗುಣ ರಾತ್ರಿ ತಿರುಗಿ ಬೀಳುತ್ತದೆ. ಮಿಕ್ಕ ಹುಳಿ ಕೊಪ್ಪರಿಗೆಯಲ್ಲೇ ಉಳಿದರೆ ಗಂಟೆಗಟ್ಟಲೆ ಉಗುರುಬೆಚ್ಚಗೆ ಕೂರುತ್ತದೆ. ಕುದಿತಕ್ಕೂ ಸಾಯದ ಬೀಜಾಣುಗಳಾಗಿ ಉಳಿಯುವ ಕ್ಲಾಸ್ಟ್ರಿಡಿಯಂ ಪರ್ಫ್ರಿಂಜನ್ಸ್ ಎಂಬ ಬ್ಯಾಕ್ಟೀರಿಯಕ್ಕೆ ಅದು ತೊಟ್ಟಿಲು. 43-45 ಡಿಗ್ರಿಯ ಆಸುಪಾಸಿನಲ್ಲಿ ಅದು ಹತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಆದ್ದರಿಂದ ಮಿಕ್ಕದ್ದನ್ನು ಅಗಲದ ತಟ್ಟೆಗಳಿಗೆ ಸುರಿದು ಬೇಗ ಆರಿಸಿ ಫ್ರಿಜ್ಜಿಗೆ ಸೇರಿಸಬೇಕು. ನಕ್ಷೆಯಲ್ಲಿ ಆ ತಟ್ಟೆಗಳಿಗೆ ಕಟ್ಟೆ, ದೊಡ್ಡ ಫ್ರಿಜ್ಜಿಗೆ ಜಾಗ ಮೊದಲೇ ಬಿಟ್ಟಿರಬೇಕು.

ಅಡುಗೆ ಮಾಡುವವರಾರು? ಸ್ಟಾಕ್‌ಹೋಮಿನಲ್ಲಿ ಸಂಬಳದ ಅಡುಗೆಯವರು ಮಾಡಿದರು, ಡೆನ್ಮಾರ್ಕಿನ ಕೇರಿಗಳಲ್ಲಿ ನಿವಾಸಿಗಳೇ ಸರದಿಯಲ್ಲಿ ಮಾಡುತ್ತಾರೆ. ಮೂವತ್ತು ದೊಡ್ಡವರಿದ್ದು, ವಾರಕ್ಕೆ ನಾಲ್ಕು ಸಂಜೆ ಊಟ, ದಿನಕ್ಕಿಬ್ಬರ ಪಾಳಿ ಎಂದಾದರೆ ಒಬ್ಬರಿಗೆ ಹದಿನೈದು ಊಟಕ್ಕೊಮ್ಮೆ ಸರದಿ; ಹೆಚ್ಚುಕಮ್ಮಿ ತಿಂಗಳಿಗೊಂದು ಸಲ. ಒಂದು ದಿನ ಬೆವರು, ಹದಿನಾಲ್ಕು ದಿನ ಕೂತು ಉಣ್ಣುವ ಯೋಗ. ಗಂಡಸರಿಗೂ ಸರದಿ ತಪ್ಪುವುದಿಲ್ಲ ಎಂಬುದು ಈ ಲೆಕ್ಕದ ಒಳಗುಟ್ಟು. ಆದರೆ ಮನೆಗಳ ಸಂಖ್ಯೆ ಕೈಮೀರಬಾರದು. ಹನ್ನೆರಡು ಮನೆಗಳಿದ್ದರೆ ಮನೆ-ಮನೆ ನಡುವಿನ ನಂಟು 66. ಮೂವತ್ತಾದರೆ 435. ನೂರಾದರೆ 4,950, ಅಷ್ಟು ನಂಟನ್ನು ಯಾರೂ ನೆನಪಿಡಲಾರರು, ಊಟದ ಮನೆ ಹೋಟೆಲಾಗುತ್ತದೆ. ಟಿಂಗ್‌ಗೋರ್ಡನ್ ತನ್ನ 78 ಮನೆಗಳನ್ನು ಆರಾಗಿ ಒಡೆದದ್ದರ ಮರ್ಮ ಇಲ್ಲಿದೆ.

ಎರಡು ವರ್ಷದ ಹಿಂದೆ ನಾವು ಐದು ಸ್ನೇಹಿತ ಕುಟುಂಬಗಳು ಮೈಸೂರಿನಲ್ಲಿ ಒಂದು ಭಾನುವಾರ ಸೇರಿ ಇಂಥದ್ದೊಂದು ನಕ್ಷೆ ಬರೆಯಲು ಕೂತೆವು. ಎಲ್ಲರೂ ನಿವೃತ್ತಿಯ ಅಂಚಿನವರು, ಮಕ್ಕಳು ದೂರದೂರುಗಳಲ್ಲಿ. ಗ್ರಾಫ್ ಹಾಳೆಯ ಮೇಲೆ ಐದು ಚಿಕ್ಕ ಮನೆ, ನಡುವೆ ಊಟದ ಹಾಲು. ಹಾಲಿನ ಕಿಟಕಿಯನ್ನು ಗೇಟಿನ ದಾರಿಗೆ ತಿರುಗಿಸಿದೆವು, ಸೂರಿಗೆ ಹಲಗೆ ಎಂದು ಬರೆದೆವು. ಮಾಂಸದ ಅಡುಗೆಗೆ ಬೇರೆ ಒಲೆ ಬೇಕೋ ಬೇಡವೋ ಎಂಬುದಕ್ಕೆ ಮುಕ್ಕಾಲು ಗಂಟೆ ಹೋಯಿತು. ಮನೆಯ ಚಿಕ್ಕ ಒಲೆಗಳು ಇದ್ದೇ ಇವೆಯಲ್ಲ, ಯಾರಿಗೆ ಏನು ಬೇಕೋ ಅಲ್ಲಿ ಮಾಡಿಕೊಳ್ಳಲಿ ಎಂದರು ಒಬ್ಬರು. ಮಾಡಿ ಇಲ್ಲಿಗೆ ತರಬಹುದಾ ಎಂದರು ಇನ್ನೊಬ್ಬರು. ಅದಕ್ಕೆ ಉತ್ತರ ಸಿಗದೆ ಕಾಫಿ ಬಂತು.

ಕಾಫಿ ಲೋಟ ಕೆಳಗಿಡುತ್ತ ಗೆಳೆಯನ ಹೆಂಡತಿ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ನೋಡಿದರು. ‘ಮುಸುರೆ ಎಲ್ಲಿ ತೊಳೆಯೋದು?’

ಐವರು ಗಂಡಸರೂ ಹಾಳೆಯ ಮೇಲೆ ಬಾಗಿದೆವು. ಒಲೆ ಇತ್ತು, ಉಗ್ರಾಣ ಇತ್ತು, ಕೈ ತೊಳೆಯುವ ಬೇಸಿನ್ ಕೂಡ ಎರಡಿದ್ದವು. ಇಪ್ಪತ್ತು ತಟ್ಟೆ, ನಾಲ್ಕು ಕೊಳಗ ಎತ್ತಿ ಇಳಿಸಿ ತೊಳೆಯುವ ತೊಟ್ಟಿ ಇರಲಿಲ್ಲ. ಆಕೆ ಪೆನ್ಸಿಲ್ ಇಸಿದುಕೊಂಡು ಹಾಲಿನ ಪೂರ್ವದ ಮೂಲೆ ಕತ್ತರಿಸಿ ಅಲ್ಲೊಂದು ಉದ್ದನೆಯ ತೊಟ್ಟಿ ಬರೆದರು, ಇಬ್ಬರು ನಿಲ್ಲುವಷ್ಟು ಉದ್ದ. ಅದರ ಮುಂದೆ ದಾರಿಗೆ ತೆರೆಯುವ ಕಿಟಕಿ. ಎಣಿಸಿ ನೋಡಿದರೆ ಹಾಲಿನಲ್ಲಿ ಆರು ಕುರ್ಚಿ ಕಮ್ಮಿಯಾಗಿದ್ದವು.